ಕೊನೆಯ ಪುಟದಿಂದ ಓದುವವನು

"ನಿಲ್ಲಿಸಿ! ಮೊದಲು ಆ ಪೆನ್ಸಿಲ್ ಕೆಳಗಿಡಿ!"

ದೆಹಲಿಯ ಲೋಧಿ ಕಾಲೋನಿಯ ಆ ಪುಟ್ಟ ಕನ್ನಡ ಲೈಬ್ರರಿಯಲ್ಲಿ ಕೂಲರಿನ ಗೊರಗೊರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಾಗಾಗಿ ಬೊಳ್ಳಮ್ಮನ ದನಿ ಅವಳಿಗೇ ಜೋರಾಗಿ ಕೇಳಿಸಿತು.

ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದವನು ತಲೆ ಎತ್ತಿದ. ಮೂವತ್ತೈದರ ಆಸುಪಾಸು. ಮುದುರಿದ ಬಿಳಿ ಅಂಗಿ, ನಿದ್ದೆ ಸಾಲದ ಕಣ್ಣು, ಕೈಯಲ್ಲೊಂದು ಮೊಂಡು ಪೆನ್ಸಿಲ್. ಅವನ ಮುಂದೆ ತೆರೆದಿದ್ದ ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲಿ ಆಗಷ್ಟೇ ಬರೆದ ಸಾಲು ಕಾಣುತ್ತಿತ್ತು.

'ಕೊಂದವನು ಭಾವಮೈದುನ. ನಾಯಿಗೆ ಏನೂ ಆಗುವುದಿಲ್ಲ.'

"ಅಂದ್ರೆ ನೀವೇ ಅದು!" ಬೊಳ್ಳಮ್ಮ ಏದುಸಿರು ಬಿಟ್ಟಳು. "ಎಂಟು ತಿಂಗಳಿಂದ ಹುಡುಕ್ತಾ ಇದ್ದೀನಿ. ನಾನು ತಗೊಂಡ್ಹೋಗೋ ಪುಸ್ತಕದಲ್ಲೆಲ್ಲಾ ಮೊದಲನೇ ಪುಟದಲ್ಲೇ ಕೊಲೆಗಾರನ ಹೆಸರು! ನಿಮಗೇನು ಸಿಗುತ್ತೆ ಇದರಿಂದ?"

"ಸಾರಿ... ಅಳಿಸಿ ವಾಪಸ್ ಕೊಡಬೇಕಿತ್ತು."

"ನೀವು ಯಾಕೆ ಅಳಿಸ್ತೀರಿ? ಅದಕ್ಕೆ ನಾನಿದ್ದೀನಲ್ಲ!" ಅವಳು ಬ್ಯಾಗಿನಿಂದ ಒಂದು ರಬ್ಬರು ತೆಗೆದು ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ದೆಸೆಯಿಂದ ಶಾಲೆ ಮಕ್ಕಳ ಹಾಗೆ ರಬ್ಬರ್ ಇಟ್ಕೊಂಡು ಓಡಾಡ್ತಿದ್ದೀನಿ. ಒಳಗಿನ ಪುಟದಲ್ಲಿ ಪೆನ್ಸಿಲ್ ಗೀಟು ಕಂಡ್ರೆ ಓದದೇ, ಕಣ್ಣು ಬೇರೆ ಕಡೆ ಇಟ್ಟು ಉಜ್ಜಿಬಿಡ್ತೀನಿ. ಆದ್ರೆ ಮೊದಲನೇ ಪುಟದ್ದು ಕಣ್ಣಿಗೆ ಬಿದ್ದೇ ಬೀಳುತ್ತಲ್ಲ!"

ಅವನು ರಬ್ಬರನ್ನು ಎತ್ತಿ ಅವಳ ಕೈಗೆ ವಾಪಸ್ ಕೊಟ್ಟ.

"ನಾನು ಆಗಿಂದ ನೋಡ್ತಿದ್ದೆ. ಪುಸ್ತಕ ತೆಗೆದವರೇ ನೇರ ಕೊನೇ ಪುಟಕ್ಕೆ ಹೋದ್ರಿ. ಅಲ್ಲಿಂದ ಹಿಂದಕ್ಕೆ ಬಂದ್ರಿ. ಹಾಗೆ ಯಾರಾದ್ರೂ ಓದ್ತಾರಾ?"

"ನಾನು ಓದ್ತೀನಿ," ಎಂದ ಅವನು ಮೆಲ್ಲಗೆ. ಅಷ್ಟೇ. ಯಾಕೆಂದು ಹೇಳಲಿಲ್ಲ.

ಅಯ್ಯೋ... ಈ ಊರಿನ ಗಂಡಸರಿಗೆಲ್ಲಾ 'ಯಾಕೆ' ಎನ್ನುವ ಪ್ರಶ್ನೆ ಕೇಳಿದರೆ ಬಾಯಿಗೆ ಬೀಗ ಬೀಳುತ್ತದೋ ಏನೋ! ಬೊಳ್ಳಮ್ಮ ಒಳಗೊಳಗೇ ಸುಸ್ತಾದಳು.

ಸುಸ್ತು ಅವಳಿಗೆ ಹೊಸದಲ್ಲ. ನೋಯ್ಡಾದ ಕಾಲ್ ಸೆಂಟರಿನಲ್ಲಿ ಅವಳ ಕೆಲಸ, ಬೇರೆಯವರು ಮಾತಾಡಿದ ಫೋನ್ ಕರೆಗಳನ್ನು ದಿನವಿಡೀ ಹೆಡ್‌ಫೋನಿನಲ್ಲಿ ಕೇಳಿ ಅಂಕ ಹಾಕುವುದು. ಬೈಗುಳ, ಅಳು, 'ಸಾರಿ ಸರ್', ಮತ್ತೆ ಬೈಗುಳ. ಸಂಜೆ ಇಂದಿರಾಪುರಂನ ಹನ್ನೊಂದನೇ ಮಹಡಿಯ ಫ್ಲಾಟಿಗೆ ಬಂದರೆ ಕಿವಿಯೊಳಗೆ ಇನ್ನೂ ಯಾರೋ ಜಗಳವಾಡುತ್ತಿರುತ್ತಿದ್ದರು.

ಇನ್ನೊಂದು ಸುಸ್ತು ಹಳೆಯದು. ನಾಲ್ಕು ವರ್ಷದ ಹಿಂದೆ, ಮದುವೆಗೆ ಹದಿನೇಳು ದಿನ ಇರುವಾಗ, ಕ್ಯಾಪ್ಟನ್ ಬಿದ್ದಯ್ಯ ಫೋನ್ ಮಾಡಿ "ಇದು ಆಗಲ್ಲ ಬೊಳ್ಳು" ಎಂದಿದ್ದ. ಅಪ್ಪ ವಿರಾಜಪೇಟೆಯಲ್ಲಿ ಮಂಟಪ ಗೊತ್ತು ಮಾಡಿ ಆಗಿತ್ತು. ಯಾಕೆ ಅಂತ ಕೇಳಿದಳು. ಫೋನ್ ಇಟ್ಟ. ಕಾಗದ ಬರೆದು ಕೇಳಿದಳು. ಉತ್ತರವಿಲ್ಲ. ಅವನು ಹೋದದ್ದನ್ನು ಒಂದು ವರ್ಷದಲ್ಲಿ ಮರೆತಳು. ಆದರೆ ಆ 'ಯಾಕೆ' ಮಾತ್ರ ಇವತ್ತಿಗೂ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಅದಕ್ಕೇ ಅವಳಿಗೆ ಪತ್ತೇದಾರಿ ಕಥೆಗಳ ಹುಚ್ಚು. ಎಷ್ಟೇ ಗೋಜಲಾಗಿರಲಿ, ನೂರೈವತ್ತನೇ ಪುಟಕ್ಕೆ ಯಾರಾದರೂ ಬಂದು ಯಾಕೆ ಅಂತ ಹೇಳುತ್ತಾರೆ. ಅಲ್ಲಿ ಯಾರೂ ಫೋನ್ ಇಟ್ಟು ಹೋಗುವುದಿಲ್ಲ.

"ಏನಮ್ಮಾ ಗಲಾಟೆ?" ಒಳಗಿನಿಂದ ನಾರಾಯಣಸ್ವಾಮಿ ಬಂದರು. ಮೂವತ್ನಾಲ್ಕು ವರ್ಷ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು ನಿವೃತ್ತರಾದವರು. ಲೈಬ್ರರಿಯನ್ನೂ ಸರ್ಕಾರಿ ಕಚೇರಿಯ ಹಾಗೇ ನಡೆಸುತ್ತಿದ್ದರು. ಪ್ರತಿ ಪುಸ್ತಕದ ಹಿಂದೆ ಹಸಿರು ನೋಟ್‌ಶೀಟ್ ದಾರ ಹಾಕಿ ಕಟ್ಟಿರುತ್ತಿತ್ತು. ಓದಿದವರು ಅದರಲ್ಲಿ ನಾಲ್ಕು ಸಾಲು ಅಭಿಪ್ರಾಯ ಬರೆದು ಸದಸ್ಯ ಸಂಖ್ಯೆ ಹಾಕಬೇಕು. ಬರೆಯದಿದ್ದರೆ ಮುಂದಿನ ಪುಸ್ತಕವಿಲ್ಲ!

"ನೋಟಿಂಗ್ ಇಲ್ಲದ ಫೈಲು ಮುಂದಕ್ಕೆ ಹೋಗಲ್ಲ," ಎನ್ನುವುದು ಅವರ ಮಂತ್ರ. "ಹೆಸರು ಬೇಡ, ನಂಬರ್ ಸಾಕು. ಆಗಲೇ ಜನ ನಿಜ ಬರೆಯೋದು."

ಹೆಚ್ಚಿನವರು 'ಓದಿದೆ, ಉತ್ತಮ' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಒಬ್ಬರನ್ನು ಬಿಟ್ಟು.

ಸದಸ್ಯ ಸಂಖ್ಯೆ ನಲವತ್ತೊಂದು.

ಬೊಳ್ಳಮ್ಮ ಈಗೀಗ ಪುಸ್ತಕ ತೆಗೆಯುತ್ತಿದ್ದದ್ದೇ ಹಿಂಬದಿಯ ಆ ನಾಲ್ಕು ಸಾಲಿಗಾಗಿ.

'ಈ ದೆವ್ವ ಮೂವತ್ತು ವರ್ಷದಿಂದ ಒಂದೇ ಮನೆಯಲ್ಲಿದೆ. ಒಂದು ದಿನವಾದರೂ ಕಸ ಗುಡಿಸಿದ್ದರೆ ಬಂದವರು ಹೆದರದೆ ಕೂತು ಮಾತಾಡಿಸುತ್ತಿದ್ದರು. - 41'

'ಪತ್ತೇದಾರ ನೂರಾ ಎಂಬತ್ತು ಪುಟದಲ್ಲಿ ಒಂದೇ ಒಂದು ಸಲ ಕಾಫಿ ಕುಡಿದ. ಅದರಲ್ಲೂ ವಿಷ! ಪಾಪ, ಯಾರಾದರೂ ಅವನಿಗೆ ಊಟಕ್ಕೆ ಹಾಕಿ. - 41'

'ಕೊಲೆಗಾರ ಇವನೇ ಎಂದು ಗೊತ್ತಿದ್ದೂ ನೋಡುತ್ತಾ ಕೂರುವುದು ಬೇರೆಯೇ ಸುಖ. ಇಸ್ತ್ರಿ ಮಾಡಿ ಮಡಿಸಿದ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡ. ಸಾವಿನ ಮನೆಯಲ್ಲಿ ಇಸ್ತ್ರಿ ಮಾಡಿದವರು ಯಾರಪ್ಪಾ? - 41'

ಆಫೀಸಿಗೆ ಹೋಗುವ ಚಾರ್ಟರ್ಡ್ ಬಸ್ಸಿನ ಕಿಟಕಿಗೆ ತಲೆಯಾನಿಸಿ ಇವನ್ನು ಓದುವಾಗ ಬೊಳ್ಳಮ್ಮ ನಗುತ್ತಿದ್ದಳು. ವಾರದಲ್ಲಿ ಅವಳು ನಗುತ್ತಿದ್ದದ್ದು ಅಷ್ಟೇ ಹೊತ್ತು.

"ರಘುನಂದನ್, ಹಳೇ ಪುಸ್ತಕದ ನೋಟಿಂಗ್ ಬಾಕಿ ಇದೆ," ಎಂದರು ನಾರಾಯಣಸ್ವಾಮಿ, ಜಗಳವನ್ನು ಅಲ್ಲಿಗೇ ಮುಗಿಸುವವರ ಹಾಗೆ.

ಬಿಳಿ ಅಂಗಿಯವನು ಜೇಬಿನಿಂದ ಒಂದು ಚೀಟಿ ತೆಗೆದು, ಅದನ್ನು ನೋಡಿಕೊಂಡು ಹಸಿರು ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ ಬರೆಯತೊಡಗಿದ. ಕೊನೆಗೆ ಒಂದು ಸಂಖ್ಯೆ ಹಾಕಿದ.

41.

ಬೊಳ್ಳಮ್ಮನ ಕೈಯಲ್ಲಿದ್ದ ರಬ್ಬರು ಕೆಳಗೆ ಬಿತ್ತು. ತನ್ನ ಎಂಟು ತಿಂಗಳ ಶತ್ರು... ತನ್ನ ಎಂಟು ತಿಂಗಳ ನಗು... ಇಬ್ಬರೂ ಒಬ್ಬನೇನಾ!

* * *

"ಅರೇ ಯಾರ್, ಪುಸ್ತಕದ ಹಿಂದೆ ಬರೆಯೋನ ಮೇಲೆ ಕ್ರಷ್ಷಾ?" ಫ್ಲಾಟಿನ ಗೆಳತಿ ಅದಿತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. "ಸಚ್ ಬತಾ, ನಿಜ ಹೇಳು, ನೋಡೋಕೆ ಹೇಗಿದ್ದಾನೆ?"

"ಸುಸ್ತಾಗಿರೋ ಹಾಗಿದ್ದಾನೆ."

"ಹಾಗಾದ್ರೆ ನಿನಗೆ ಪರ್ಫೆಕ್ಟ್!"

ನಗೆಯಾಡಿದರೂ, ಮುಂದಿನ ಶನಿವಾರ ಬೊಳ್ಳಮ್ಮ ಲೈಬ್ರರಿಗೆ ಅರ್ಧ ಗಂಟೆ ಮುಂಚೆಯೇ ಹೋದಳು. ಅದರ ಮುಂದಿನ ಶನಿವಾರವೂ.

ರಘುನಂದನ್ ಕೇಂದ್ರ ಸಚಿವಾಲಯದಲ್ಲಿ ಅಸಿಸ್ಟೆಂಟ್. ಎರಡು ಬ್ಲಾಕ್ ಆಚೆ ಅವನ ಸರ್ಕಾರಿ ಕ್ವಾರ್ಟರ್ಸ್. ಅವನ ಮಾತು ಕಡಿಮೆ, ಆದರೆ ಕೇಳುತ್ತಿದ್ದ. ಇಡೀ ವಾರ ಬೇರೆಯವರ ಮಾತು ಕೇಳಿ ಬಂದವಳಿಗೆ ತನ್ನ ಮಾತು ಕೇಳುವ ಒಬ್ಬ ಮನುಷ್ಯ ಸಿಕ್ಕಿದ್ದ. ಲೈಬ್ರರಿ ಹೊರಗೆ ಬೇವಿನ ಮರದ ಕೆಳಗಿನ ಗಾಡಿಯಲ್ಲಿ ಭಯ್ಯಾ ಮಾಡಿಕೊಟ್ಟ ಚಹಾ ಕುಡಿಯುತ್ತಾ ಅವಳು ಕಥೆಯ ತಪ್ಪುಗಳನ್ನು ಹುಡುಕಿ ಹೇಳುತ್ತಿದ್ದಳು. ಅವನು ಒಂದೊಂದು ಸಲ ಮುಗುಳ್ನಗುತ್ತಿದ್ದ.

ಆದರೂ ಅವಳಿಗೆ ಒಂದು ಆಶ್ಚರ್ಯ. ಹಾಳೆಯ ಮೇಲೆ ಅಷ್ಟು ಚುರುಕಾದವನು ಎದುರಿಗೆ ಇಷ್ಟು ಮೌನವೇಕೆ? ನಾಚಿಕೆಯಿರಬೇಕು, ಎಂದುಕೊಂಡಳು. ನೂರಾರು ಪತ್ತೇದಾರಿ ಕಥೆ ಓದಿದವಳು, ಮೂಗಿನ ಕೆಳಗಿನ ಸುಳಿವನ್ನೇ ಬಿಟ್ಟುಬಿಟ್ಟಳು. ಪ್ರೀತಿ ಬಂದ ಕಡೆ ಬುದ್ಧಿ ರಜಾ ಹಾಕುತ್ತದೆ ಅನ್ನುವುದು ಸುಳ್ಳಲ್ಲ.

ಮೇ ತಿಂಗಳ ಕೊನೆ. ಬಿಸಿಗಾಳಿಗೆ ರಸ್ತೆಯೇ ಬಾಡಿದಂತಿತ್ತು. ಹಿಂದಿನ ವಾರ ಓದಿದ ಭೂತದ ಕಥೆಯ ನೋಟ್‌ಶೀಟನ್ನು ಅವಳು ಮನಸ್ಸಿನಲ್ಲೇ ಉರುಹೊಡೆದಿದ್ದಳು.

"ರಘು ಅವರೇ, ಒಂದು ಹೇಳ್ಲಾ? ನೀವು ಬರೆದಿದ್ರಲ್ಲ... 'ಬಾಗಿಲು ತೆರೆದಾಗ ಕಂಡದ್ದಕ್ಕೆ ಯಾರೂ ಹೆದರುವುದಿಲ್ಲ. ಬಾಗಿಲು ತಟ್ಟಿದ್ದಕ್ಕೂ ತೆರೆಯುವುದಕ್ಕೂ ನಡುವೆ ನಿಂತಿರುತ್ತೇವಲ್ಲ, ದೆವ್ವ ಇರುವುದು ಅಲ್ಲಿ' ಅಂತ."

ಅವನು ಚಹಾ ಲೋಟ ಕೆಳಗಿಟ್ಟ.

"ನಾನು ನಾಲ್ಕು ವರ್ಷದಿಂದ ಅಲ್ಲೇ ನಿಂತಿದ್ದೀನಿ," ಎಂದಳು. ಬಿದ್ದಯ್ಯನ ವಿಷಯವನ್ನೆಲ್ಲಾ ಹೇಳಿದಳು. "ಯಾರಿಗೂ ಅರ್ಥ ಆಗಿರಲಿಲ್ಲ. ಆ ಸಾಲು ಓದಿದಾಗ ಅತ್ತುಬಿಟ್ಟೆ. ಅದನ್ನ ಬರೆದವರ ಮೇಲೆ ನನಗೆ... ನಾನು ಅವರನ್ನ..."

ಮಾತು ಮುಗಿಯಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

"ಬೊಳ್ಳಮ್ಮ, ಅದು..." ಎಂದ. ಎದ್ದು ನಿಂತ. "ಕ್ಷಮಿಸಿ, ನಾನು ಹೋಗ್ಬೇಕು."

ಹೋದ! ತಿರುಗಿಯೂ ನೋಡಲಿಲ್ಲ.

ಒಂದು ಶನಿವಾರ ಅವಳು ಕಾದಳು. ಅವನು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಮೂರನೆಯದಕ್ಕೂ.

ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತಲ್ಲ ನನ್ನ ಕಥೆ... ಮತ್ತೊಬ್ಬ! ಮತ್ತೆ ಯಾಕೆ ಅಂತ ಹೇಳದೆ ಎದ್ದುಹೋಗುವವನು! ಈ ಸಲ ಅವಳಿಗೆ ಅಳುವಷ್ಟು ಶಕ್ತಿಯೂ ಇರಲಿಲ್ಲ. ಆಫೀಸಿನಲ್ಲಿ ಹೈದರಾಬಾದಿಗೆ ವರ್ಗ ಬೇಕಾದವರು ಸೋಮವಾರದೊಳಗೆ ಅರ್ಜಿ ಕೊಡಿ ಎಂದಿದ್ದರು. ಅರ್ಜಿ ತುಂಬಿದಳು. ಸಹಿ ಒಂದು ಬಾಕಿ.

* * *

ನಾಲ್ಕನೇ ಶನಿವಾರ ಸದಸ್ಯತ್ವ ರದ್ದು ಮಾಡಿಸಲೆಂದೇ ಹೋದಳು.

"ಯಾಕಮ್ಮಾ?" ನಾರಾಯಣಸ್ವಾಮಿ ಕನ್ನಡಕ ಮೇಲೇರಿಸಿದರು.

"ಸುಸ್ತಾಗಿದೆ ಸಾರ್."

ಅವರು ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಅವಳ ಕಡೆ ಸರಿಸಿದರು. "ನಲವತ್ತೊಂದರ ಮನೆಯಿಂದ ನಾನೇ ಬೆಳಿಗ್ಗೆ ತಂದೆ. ನೋಟಿಂಗ್ ನೋಡಿ. ನನ್ನ ಸರ್ವೀಸಲ್ಲೇ ಇಂಥ ನೋಟಿಂಗ್ ನೋಡಿರಲಿಲ್ಲ."

ಹಸಿರು ಹಾಳೆಯ ಮೇಲೆ ದುಂಡಗಿನ ಅಕ್ಷರವಿರಲಿಲ್ಲ. ಸಾಲು ಮೇಲೆ ಕೆಳಗೆ ಓಡಿತ್ತು. ನಡುಗುವ ಕೈ ಕಷ್ಟಪಟ್ಟು ಬರೆದ ಅಕ್ಷರಗಳು.

'ಮಗ ಬರೆದುಕೊಡುತ್ತಿಲ್ಲ. ನಾನೇ ಬರೆದಿದ್ದೇನೆ. ಮೂರು ವಾರದಿಂದ ಮುಖ ಊದಿಸಿಕೊಂಡು ಮನೆ ತುಂಬಾ ಓಡಾಡುತ್ತಿದ್ದಾನೆ. ಪುಸ್ತಕದ ದೆವ್ವ ಪರವಾಗಿಲ್ಲ, ಮನೆಯ ದೆವ್ವದ ಮುಂದೆ ಏನೂ ಅಲ್ಲ. - 41'

ಬೊಳ್ಳಮ್ಮ ಎರಡು ಸಲ ಓದಿದಳು. ಅಂದರೆ...

"ಹೆಸರು ಹೇಳೋದು ರೂಲ್ಸಿಗೆ ವಿರುದ್ಧ," ಎನ್ನುತ್ತಲೇ ಅವರು ರಿಜಿಸ್ಟರ್ ತೆರೆದು ಅವಳಿಗೆ ಕಾಣುವಂತೆ ತಿರುಗಿಸಿ, ತಾವು ಕೂಲರಿಗೆ ನೀರು ಹಾಕಲು ಹೋದರು.

ಸಂಖ್ಯೆ 41. ರತ್ನಮ್ಮ. ಕೆಳಗೆ ಕ್ವಾರ್ಟರ್ಸಿನ ನಂಬರು.

ಆ ದೆವ್ವದ ಕಸ, ಪತ್ತೇದಾರನ ಊಟ, ಬಾಗಿಲ ಮುಂದಿನ ಭಯ... ಎಲ್ಲಾ ಅವನ ಅಮ್ಮನ ಮಾತುಗಳು! ಅವಳ ಮುಖಕ್ಕೆ ರಕ್ತ ನುಗ್ಗಿತು. ತಾಯಿಯ ಮಾತಿಗೆ ಮರುಳಾಗಿ ಮಗನ ಮುಂದೆ ಕಣ್ಣೀರು ಹಾಕಿದೆನಲ್ಲ! ಅವನಾದರೂ ಹೇಳಬಾರದಿತ್ತಾ?

ಈ ಸಲ 'ಯಾಕೆ' ಎನ್ನುವುದನ್ನು ಕೇಳದೆ ಬಿಡುವುದಿಲ್ಲ, ಎಂದುಕೊಂಡು ಬಿಸಿಲಿಗೆ ಇಳಿದಳು.

* * *

ಬಾಗಿಲು ತೆರೆದವರು ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಬಲಗೈ ತಾನೇ ತಾನಾಗಿ ನಡುಗುತ್ತಿತ್ತು. ಕಣ್ಣು ಮಾತ್ರ ಚುರುಕು.

"ರಬ್ಬರಿನ ಹುಡುಗಿ ನೀನೇ ಅಲ್ವಾ? ಬಾ ಬಾ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ ಕಾಯ್ತಾನೇ ಇದ್ದೆ."

"ರಘು ಅವರು..."

"ತರಕಾರಿಗೆ ಹೋಗಿದ್ದಾನೆ. ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ, ಮೊದಲು ಮಜ್ಜಿಗೆ ಕುಡಿ."

ಗೋಡೆಯ ಮೇಲೆ ಸೇನೆಯ ಸಮವಸ್ತ್ರದಲ್ಲಿ ಒಬ್ಬರ ಫೋಟೋ. ಒಣಗಿದ ಗಂಧದ ಹಾರ. ಸೈನಿಕರ ಮನೆಯಲ್ಲೇ ಬೆಳೆದ ಬೊಳ್ಳಮ್ಮ ಏನೂ ಕೇಳಲಿಲ್ಲ. ರತ್ನಮ್ಮನೇ ಹೇಳಿದರು.

"ನಮ್ಮನೆಯವರು. ಸುಬೇದಾರ್ ಸೂರ್ಯನಾರಾಯಣ. ತೊಂಬತ್ತೊಂಬತ್ತರ ಬೇಸಿಗೇಲಿ ಗಡಿಗೆ ಹೋದ್ರು. ಆಮೇಲೆ ಹನ್ನೊಂದು ದಿನ ಸುದ್ದಿಯೇ ಇಲ್ಲ. ಬದುಕಿದ್ದಾರಾ, ಇಲ್ವಾ... ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅನ್ನೋರು. ಹನ್ನೆರಡನೇ ದಿನ ಸಾವಿನ ಸುದ್ದಿ ತಂದವರು ಬಾಗಿಲು ತಟ್ಟಿದ್ರು." ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಕೇಳು ತಾಯಿ, ಆ ಹನ್ನೆರಡನೇ ದಿನ ನನ್ನನ್ನ ಕೊಲ್ಲಲಿಲ್ಲ. ಆ ಹನ್ನೊಂದು ದಿನ ತಿಂದುಹಾಕಿದ್ವು."

ಬೊಳ್ಳಮ್ಮ ಮತ್ತೆ ಆ ಫೋಟೋದ ಕಡೆ ನೋಡಿದಳು.

"ನನಗೆ ಚಿಕ್ಕಂದಿನಿಂದ ಕೊಲೆ, ದೆವ್ವದ ಕಥೆ ಅಂದ್ರೆ ಪ್ರಾಣ. ಅವರೂ ರಜೆಗೆ ಬಂದಾಗ ಟ್ರಂಕಿನಲ್ಲಿ ಹೊತ್ಕೊಂಡು ಬರೋರು. ಆಮೇಲೆ ಓದೋಕೇ ಆಗ್ಲಿಲ್ಲ. ಮುಂದೇನೋ ಅನ್ನೋ ಕಡೆ ಬಂದ್ರೆ ಎದೆ ಹೊಡ್ಕೊಳ್ಳೋದು. ಪುಸ್ತಕ ಎಲ್ಲಾ ಮೂಲೆಗಿಟ್ಟೆ. ಆಗ ಇವನು ಪೆನ್ಸಿಲ್ ಹಿಡಿದ. ಮೊದಲು ತಾನು ಹಿಂದಿನಿಂದ ಓದಿ, ಯಾರು ಸಾಯ್ತಾರೆ, ಯಾರು ಉಳೀತಾರೆ ಅಂತ ಬರೆದು ಕೊಡ್ತಾನೆ. ಕೊನೆ ಗೊತ್ತಿದ್ರೆ ನನಗೆ ಭಯ ಇಲ್ಲ. ಒಂದೊಂದನ್ನ ಮತ್ತೆ ಮತ್ತೆ ತರಿಸಿ ಓದ್ತೀನಲ್ಲ, ಅದಕ್ಕೇ ಅಳಿಸಬೇಡ ಅಂತಿದ್ದೆ. ತಪ್ಪು ನನ್ನದು."

ಅವರು ಮಂಚದ ಮೇಲಿದ್ದ ಪುಸ್ತಕವೊಂದನ್ನು ಅವಳ ಮಡಿಲಲ್ಲಿಟ್ಟರು. "ಇದಕ್ಕೆ ನಿನ್ನ ರಬ್ಬರ್ ಇನ್ನೂ ಬಿದ್ದಿಲ್ಲ. ನೋಡು."

ಬೊಳ್ಳಮ್ಮ ಪುಟ ತಿರುಗಿಸಿದಳು. ಒಳಗಿನ ಪುಟಗಳ ಅಂಚಿನಲ್ಲಿ ಸಣ್ಣ ಸಣ್ಣ ಪೆನ್ಸಿಲ್ ಸಾಲುಗಳು. ತಾನು ಒಮ್ಮೆಯೂ ಓದದೆ ಉಜ್ಜಿ ಹಾಕಿದಂಥವು.

'ಬಾಗಿಲು ತಟ್ಟಿದ್ದು ಹಾಲಿನವನು. ಧೈರ್ಯವಾಗಿ ಪುಟ ತಿರುಗಿಸಮ್ಮ.'

'ಇಲ್ಲಿ ಮಗು ಕಾಣೆಯಾಗುತ್ತದೆ. ಐದು ಪುಟ ತಡೆದುಕೋ, ಸಿಗುತ್ತದೆ.'

'ಕಾಗದ ಬರುವುದು ತಡವಾಗುತ್ತದೆ. ಆದರೆ ಒಳ್ಳೆಯ ಸುದ್ದಿಯೇ.'

'ಇಲ್ಲಿ ಅಳು ಬರುತ್ತದೆ. ಕರೆಯಮ್ಮ, ಅಡುಗೆಮನೆಯಲ್ಲೇ ಇರುತ್ತೇನೆ.'

ಅಕ್ಷರಗಳು ಮಸುಕಾದವು. ಅವಳಿಗೆ ತಾನು ಅಳುತ್ತಿರುವುದು ಗೊತ್ತಾದದ್ದೇ ಪುಟದ ಮೇಲೆ ಹನಿ ಬಿದ್ದಾಗ.

ಎಂಟು ತಿಂಗಳು... ಎಷ್ಟು ಪುಸ್ತಕ! ಇನ್ನೊಬ್ಬರು ಹೆದರಬಾರದೆಂದು ಒಬ್ಬ ಮನುಷ್ಯ ದಾರಿಯುದ್ದಕ್ಕೂ ಹಚ್ಚಿಟ್ಟ ದೀಪಗಳನ್ನು ನಾನು ಒಂದೊಂದಾಗಿ ಆರಿಸುತ್ತಾ ಬಂದೆನಲ್ಲ!

"ನಾನು ಬಾಯಿ ಜೋರು," ರತ್ನಮ್ಮ ಅವಳ ತಲೆ ಸವರಿದರು. "ಅವನು ಅವರಪ್ಪನ ಹಾಗೆ. ಹೇಳಲ್ಲ, ಮಾಡ್ತಾನೆ."

ಆಗ ಬಾಗಿಲಿನ ಸದ್ದಾಯಿತು. ಕೈಚೀಲ ಹಿಡಿದು ರಘುನಂದನ್ ನಿಂತಿದ್ದ. ಅವಳನ್ನು ನೋಡಿ ಚೀಲದ ಹಿಡಿಕೆ ಕೈ ಜಾರಿತು. ಟೊಮೇಟೊ ಉರುಳಿ ಮಂಚದ ಕೆಳಗೆ ಹೋದವು.

"ನಾನು ಬೇಳೆಗೆ ಇಡ್ತೀನಿ," ಎಂದು ರತ್ನಮ್ಮ ಒಳಗೆ ನಡೆದರು.

"ನೀವು... ಹೇಗೆ..." ಎಂದ ಅವನು.

"ಮೂರು ಶನಿವಾರ ರಘು ಅವರೇ!" ಅವಳು ಕಣ್ಣೊರೆಸಿಕೊಂಡಳು. "ಕಾಯೋದು ಅಂದ್ರೆ ಏನು ಅಂತ ನಿಮ್ಮ ಮನೇಲಿ ಗೊತ್ತಿರೋಷ್ಟು ಈ ಊರಲ್ಲಿ ಯಾರಿಗೆ ಗೊತ್ತು? ನೀವೇ ಹೀಗೆ ಕಾಯಿಸೋದಾ? ಯಾಕೆ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

ಅವನು ತಲೆ ತಗ್ಗಿಸಿದ. ಆಮೇಲೆ ತಲೆ ಎತ್ತಿ, ಮೊದಲ ಸಲ ತಡವರಿಸದೆ ಮಾತಾಡಿದ.

"ಹೇಳ್ತೀನಿ. ನೀವು ಪ್ರೀತಿಸಿದ್ದು ಅಮ್ಮನ ಮಾತನ್ನ. ನಾನು ಚೀಟಿ ನೋಡಿ ಬರೆಯೋ ಗುಮಾಸ್ತ, ಅಷ್ಟೇ. ಮೊದಲನೇ ದಿನಾನೇ ಹೇಳಬೇಕಿತ್ತು. ಹೇಳಿದ್ರೆ ಮುಂದಿನ ಶನಿವಾರ ನೀವು ನನ್ನ ಜೊತೆ ಚಹಾ ಕುಡಿಯಲ್ಲ ಅನ್ನಿಸ್ತು. ಹೇಳದೇ ಇದ್ದದ್ದೂ ತಪ್ಪು, ಎದ್ದು ಹೋಗಿದ್ದು ಇನ್ನೂ ದೊಡ್ಡ ತಪ್ಪು. ನಿಮ್ಮನ್ನ ಬಿಟ್ಟು ಬೇರೇನೂ ಯೋಚನೆ ಬರ್ತಿಲ್ಲ ನನಗೆ. ಆದ್ರೆ ನನ್ನ ಹತ್ರ ಅಮ್ಮನಂಥ ಚೆಂದದ ಮಾತಿಲ್ಲ ಬೊಳ್ಳಮ್ಮ."

ಯಾಕೆ ಎಂಬುದಕ್ಕೆ ಉತ್ತರ! ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಎದುರು ನಿಂತು ಪೂರ್ತಿ ಉತ್ತರ ಕೊಟ್ಟಿದ್ದ. ಅವಳ ಎದೆಯೊಳಗಿನ ಮುಳ್ಳು ಸಡಿಲವಾಯಿತು.

"ಪೆನ್ಸಿಲ್ ಯಾರದ್ದು?" ಎಂದು ಕೇಳಿದಳು.

"ಅದು... ನನ್ನದು."

"'ಕರೆಯಮ್ಮ, ಅಡುಗೆಮನೆಯಲ್ಲೇ ಇರುತ್ತೇನೆ' ಅಂತ ಬರೆದದ್ದು?"

"ನಾನೇ."

ಅವಳು ಬ್ಯಾಗಿನಿಂದ ರಬ್ಬರು ತೆಗೆದು ಅವನ ಅಂಗೈಯಲ್ಲಿಟ್ಟು ಮುಚ್ಚಿದಳು. "ಇದು ನನಗಿನ್ನು ಬೇಡ."

ಆಮೇಲೆ ಹೈದರಾಬಾದಿನ ಅರ್ಜಿ ತೆಗೆದಳು. ಸಹಿಯಿಲ್ಲದ ಆ ಹಾಳೆಯನ್ನು ಮಗುಚಿ ಖಾಲಿ ಬದಿಯನ್ನು ಅವನ ಮುಂದಿಟ್ಟಳು.

"ಬರೀರಿ."

"ಏನು?"

"ಇದು ಮೊದಲನೇ ಪುಟ ಅಂದ್ಕೊಳ್ಳಿ. ನನಗೂ ಅಮ್ಮನ ಹಾಗೇ. ಕೊನೆ ಗೊತ್ತಿಲ್ಲದೆ ಇನ್ನೊಂದು ಕಥೆ ಓದೋ ಶಕ್ತಿ ನನ್ನಲ್ಲಿ ಉಳಿದಿಲ್ಲ ರಘು."

ಒಳಗೆ ಒಗ್ಗರಣೆ ಚಟಪಟ ಅಂದಿತು. ಅವನು ಜೇಬು ತಡಕಿ ಮೊಂಡು ಪೆನ್ಸಿಲ್ ತೆಗೆದ. ಬಹಳ ಹೊತ್ತು ಯೋಚಿಸಿ ಒಂದೇ ಸಾಲು ಬರೆದು ಅವಳ ಕಡೆ ತಿರುಗಿಸಿದ.

'ಹೆದರಬೇಡಿ. ಕೊನೆಯ ಪುಟದಲ್ಲಿ ಇಬ್ಬರೂ ಇದ್ದಾರೆ.'

ಅವಳು ಆ ಸಾಲಿನ ಮೇಲೆ, ಅಳಿಸದಂತೆ ಮೆಲ್ಲಗೆ, ಬೆರಳಾಡಿಸಿದಳು.

"ಮಧ್ಯದಲ್ಲಿ?"

"ಒಂದೆರಡು ಕಡೆ ಅಳು ಇರುತ್ತೆ."

"ಆಗ?"

"ಕರೀರಿ," ಎಂದ ಅವನು. "ಅಡುಗೆಮನೆಯಲ್ಲೇ ಇರ್ತೀನಿ."